ಇಪ್ಪತ್ತೊಂದು ಮುದ್ದೆ

ಆ ಭಾನುವಾರ ಬೆಳಗ್ಗೆ ಕೆರೆಯ ಮೇಲಿನ ಮಂಜು ಕರಗಲೇ ಇಲ್ಲ. ಕಾರ್ತಿಕ ಮುಗಿಯಲು ಇನ್ನು ನಾಲ್ಕು ದಿನವಿತ್ತು. ಗಾಳಿಯ ಸುಳಿವಿಲ್ಲ. ಏರಿಯ ಮೇಲಿನ ಜಾಲಿಮರಗಳ ತುದಿ ಮಾತ್ರ ಕಾಣುತ್ತಿತ್ತು. ಅವುಗಳ ಬುಡ, ನೀರು, ಆಚೆ ದಡದ ಕಬ್ಬಿನ ಗದ್ದೆ ಎಲ್ಲ ಒಂದೇ ಬಿಳುಪಿನೊಳಗೆ ಮುಳುಗಿದ್ದವು. ಆಲೆಮನೆಯ ಹೊಗೆ ಮೇಲೇರಲಾಗದೆ ತಗ್ಗಿನಲ್ಲೇ ಸುಳಿದಾಡಿ, ಕೆರೆಯ ನೀರಿಗೂ ಬೆಲ್ಲದ ವಾಸನೆ ಹತ್ತಿಸಿತ್ತು.

ಗಾಳ ಹಾಕುವವರಿಗೆ ವರ್ಷದಲ್ಲಿ ಇಂಥ ಬೆಳಗು ಹತ್ತೋ ಹದಿನೈದೋ ಸಿಗುತ್ತವೆ. ಮಳೆಯ ಕೆಂಪು ನೀರು ತಿಳಿಯಾಗಿರುತ್ತದೆ, ಚಳಿ ಇನ್ನೂ ನೀರಿನ ಅಡಿಗೆ ಇಳಿದಿರುವುದಿಲ್ಲ. ಇನ್ನು ಸ್ವಲ್ಪ ದಿನ ಕಳೆದರೆ ಮೀನು ಕೆಸರಿಗೆ ಮೈಯಾನಿಸಿ ಬಾಯಿ ಕಟ್ಟಿಕೊಳ್ಳುತ್ತದೆ. ಆಮೇಲೆ ಶಿವರಾತ್ರಿ ಕಳೆಯುವವರೆಗೆ ಗಾಳದ ಬೆಂಡು ಅಲುಗುವುದಿಲ್ಲ.

ಪೂರಿಗಾಲಿಯಿಂದ ಒಳಕ್ಕೆ ಮೂರು ಮೈಲಿ ದೂರದ ನಮ್ಮೂರಿನ ಈ ಕೆರೆಯಲ್ಲಿ ಗಾಳದವರಿಗೊಂದು ಕಟ್ಟಳೆಯುಂಟು. ಎಲ್ಲೂ ಬರೆದದ್ದಲ್ಲ. ಯಾರು ಒಂದು ಜಾಗದ ನೀರಿಗೆ ದಿನವೂ ಮೇವು ಹಾಕಿ ಮೀನನ್ನು ಕರೆಯುತ್ತಾರೋ ಆ ನೀರು ಅವರದು. ಅವರು ಮೊದಲ ಗಾಳ ಬಿಡುವವರೆಗೆ ಬೇರೆ ಯಾರೂ ಅಲ್ಲಿ ದಾರ ಇಳಿಸುವುದಿಲ್ಲ. ಹಾಗೆ ಕರೆದ ನೀರಿನಲ್ಲಿ ಸಿಕ್ಕ ಮೊದಲ ಮೀನು ಗಂಗಮ್ಮನದು. ಅದರ ಹಣೆಗೆ ಅರಿಶಿನ ಮುಟ್ಟಿಸಿ ನೀರಿಗೇ ಬಿಡಬೇಕು. ಉಣ್ಣಲು ಕರೆದು ಮೊದಲು ಬಂದವನನ್ನೇ ಕೊಲ್ಲಬಾರದು ಎಂಬ ಮರ್ಯಾದೆ ಅದು. ಎರಡನೆಯ ಮೀನಿನಿಂದ ಹಿಡಿದವರ ಪಾಲು.

ತೂಬಿನ ಪಕ್ಕದ ಚಪ್ಪಟೆ ಕಲ್ಲಿನ ಮುಂದಿನ ನೀರು ಶಿವಯ್ಯನದು. ಬೆಳಕವಾಡಿ ಸುತ್ತಿನ ಹಳ್ಳಿಗಳಿಗೆ ಮೂವತ್ತೈದು ವರ್ಷ ಟಪಾಲು ಹಂಚಿ ನಿವೃತ್ತನಾದವನು. ಕೆರೆ ಮೀನಿನಿಂದ ಅವನ ಮನೆ ನಡೆಯಬೇಕಾಗಿರಲಿಲ್ಲ. ಸೈಕಲ್ಲು ತುಳಿದು ತುಳಿದು ಬಂದವನಿಗೆ ಒಂದು ಕಡೆ ಕೂತು ನೀರು ನೋಡುವುದೇ ದೇವರ ಧ್ಯಾನವಾಗಿತ್ತು. ಬಿದಿರಿನ ಕೋಲು, ಒಂದು ದಾರ, ನವಿಲುಗರಿಯ ದಂಟಿನ ಬೆಂಡು. ಅಷ್ಟೇ.

ಕಳೆದ ಚೈತ್ರದಲ್ಲಿ ಶಿವಯ್ಯನ ಬಲಗೈ ಬಿದ್ದುಹೋಯಿತು. ಲಕ್ವ. ಮಂಡ್ಯದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದ್ದು ಬಂದ ಮೇಲೆ ಬಾಯಿ ನೆಟ್ಟಗಾಯಿತು, ಕಾಲು ನೆಟ್ಟಗಾಯಿತು, ಕೈ ಮಾತ್ರ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಆಗ ಹೆಂಡತಿ ಸೋಮಮ್ಮ ತೂಬಿನ ಕಲ್ಲಿನ ಮೇಲೆ ನಿಂತು ಗಂಗಮ್ಮನಿಗೆ ಹರಕೆ ಹೊತ್ತಳು: ಈ ಕೈ ಮತ್ತೆ ಕೋಲು ಹಿಡಿದರೆ ಇಪ್ಪತ್ತೊಂದು ದಿನ ನಿನ್ನ ಮೀನಿಗೆ ಮುದ್ದೆ ಹಾಕುತ್ತೇನೆ, ಇಪ್ಪತ್ತೆರಡನೆಯ ದಿನ ಇದೇ ಕೈಯಿಂದ ಮೊದಲ ಮೀನನ್ನು ನಿನಗೆ ಬಿಡಿಸುತ್ತೇನೆ.

ನೀರಿಗೆ ಹೊತ್ತ ಹರಕೆಯನ್ನು ಅದು ತೀರುವವರೆಗೆ ಬಾಯಿ ಬಿಟ್ಟು ಹೇಳಬಾರದು. ಗಂಡನಿಗೆ ಹೇಳಿದಳು, ಅಷ್ಟೇ. ಮಗ ಮಹದೇವುಗೂ ಹೇಳಲಿಲ್ಲ.

ಶ್ರಾವಣದಲ್ಲಿ ಹೆಬ್ಬೆರಳು ಅಲುಗಿತು. ನವರಾತ್ರಿಯ ಹೊತ್ತಿಗೆ ಕೈ ಲೋಟ ಹಿಡಿಯಿತು. ದೀಪಾವಳಿ ಕಳೆದು ನಾಲ್ಕನೆಯ ದಿನ ಬಿದಿರಿನ ಕೋಲು ಹಿಡಿಯಿತು. ಮಾರನೆಯ ಬೆಳಗ್ಗೆಯಿಂದಲೇ ಸೋಮಮ್ಮ ಮುದ್ದೆ ತಿರುವಲು ತೊಡಗಿದಳು.

ಅದು ಉಣ್ಣುವ ಮುದ್ದೆಯಲ್ಲ, ಗಾಳದ ಮುದ್ದೆ. ಹಿಟ್ಟು ಜಾಸ್ತಿ, ನೀರು ಕಡಿಮೆ. ಬೆಂದ ಮೇಲೆ ಕಡಲೆಕಾಯಿ ಹಿಂಡಿಯ ಪುಡಿ, ಚಿಟಿಕೆ ಇಂಗು ಸೇರಿಸಿ, ಬಿಸಿ ಆರುವ ಮೊದಲೇ ಅಂಗೈಯಲ್ಲಿ ನಾದಬೇಕು. ಮೆತ್ತಗಾದರೆ ನೀರು ಮುಟ್ಟಿದೊಡನೆ ಕದಡಿಹೋಗುತ್ತದೆ. ಈ ಇಪ್ಪತ್ತೊಂದು ದಿನದಲ್ಲಿ ಒಂದು ದಿನ ಮಹದೇವು ಕೆಲಸ ಮುಗಿಸಿ ಹಸಿದು ಬಂದವನು ನೋಡದೆ ಅದನ್ನೇ ತಟ್ಟೆಗೆ ಹಾಕಿಕೊಂಡು ಉಂಡುಬಿಟ್ಟಿದ್ದ.

"ಇದ್ಯಾಕವ್ವ ಮುದ್ದೆ ಇಂಗೆ ಕಲ್ಲಾಗದೆ?" ಎಂದು ದವಡೆ ಹಿಡಿದುಕೊಂಡ.

"ಸುಮ್ನೆ ಉಣ್ಣು ಕಣ್ಲಾ. ಕೆರೇಲಿ ಇದುವರ್ಗೂ ಯಾರೂ ದೂರು ಯೋಳಿಲ್ಲ" ಎಂದು ಸೋಮಮ್ಮ ಇನ್ನೊಂದು ಮುದ್ದೆಗೆ ಎಸರಿಟ್ಟಿದ್ದಳು.

ಇಪ್ಪತ್ತೊಂದು ಮುಗಿದು ಇಪ್ಪತ್ತೆರಡನೆಯ ಬೆಳಗು ಆ ಭಾನುವಾರವೇ ಬಂತು.

ಶಿವಯ್ಯ ಕೋಲು ಹಿಡಿದು ಮುಂದೆ, ಸೋಮಮ್ಮ ಅರಿಶಿನ ಕುಂಕುಮದ ತಟ್ಟೆ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ, ಏರಿಯ ಮೇಲೆ ಬಂದರೆ ಅಲ್ಲಿ ಹತ್ತು ಕಾರುಗಳು ನಿಂತಿದ್ದವು. ಶಾಮಿಯಾನ, ಮೈಕು, ಇಡ್ಲಿಯ ಪಾತ್ರೆ. ಮಳವಳ್ಳಿ, ಮದ್ದೂರು, ಮಂಡ್ಯದ ಹವ್ಯಾಸಿ ಗಾಳದವರೆಲ್ಲ ಸೇರಿ ಮಾಡಿಕೊಂಡ ಸಂಘವೊಂದರ ಸ್ಪರ್ಧೆ. ಎರಡು ಜಾಲಿಮರಕ್ಕೆ ಕಟ್ಟಿದ ಬ್ಯಾನರಿನಲ್ಲಿ, ಹಿಡಿದ ಮೀನನ್ನು ತೂಕ ಮಾಡಿ ಜೀವಂತ ಕೆರೆಗೆ ಬಿಡಲಾಗುವುದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮುಂದಾಳು ದೊಡ್ಡಮನೆಯ ರಘುನಂದನ್. ಊರಲ್ಲಿ ಇಪ್ಪತ್ತು ಎಕರೆ ನೀರಾವರಿ ಇರುವ ಮನೆಯ ಒಬ್ಬನೇ ಮಗ. ಎಂಟು ವರ್ಷದ ಹುಡುಗನಾಗಿದ್ದಾಗ ಇದೇ ತೂಬಿನ ಕಲ್ಲಿನ ಮೇಲೆ ಶಿವಯ್ಯನ ಪಕ್ಕ ಕೂತು ಗಾಳದ ಗಂಟು ಕಲಿತವನು. ಒಮ್ಮೆ ಅವನ ಕಿವಿಗೇ ಗಾಳ ಸಿಕ್ಕಿಕೊಂಡಾಗ ಬಿಡಿಸಿ, ಅಳು ನಿಲ್ಲಿಸಿ, ಮನೆಯಲ್ಲಿ ಹೇಳದೆ ಕಾಪಾಡಿದವನು ಶಿವಯ್ಯ.

ಶಿವಯ್ಯ ಮಾಮೂಲಿನ ಹಾಗೆ ಇಳಿದು ಕಲ್ಲಿನ ಮೇಲೆ ಕೂತ. ಕಲ್ಲಿನ ಪಕ್ಕ ಹೊಸದೊಂದು ಗೂಟ ಹೊಡೆದು ಹನ್ನೊಂದು ಎಂದು ಬರೆದ ಚೀಟಿ ಅಂಟಿಸಿದ್ದರು. ಅವನು ಅದನ್ನು ನೋಡಿದನೋ ಇಲ್ಲವೋ. ದಾರ ಬಿಚ್ಚುತ್ತಿದ್ದ.

ಮೈಕು ಕೂಗಿತು. "ಹನ್ನೊಂದ್ನೇ ನಂಬರು ಯತೀಶ್! ತೂಬಿನ ಕಲ್ಲು!"

ಮಳವಳ್ಳಿಯ ಯತೀಶ್ ಇಳಿದು ಬಂದ. ತಲೆಗೆ ಟೋಪಿ, ಮೈತುಂಬ ಜೇಬಿರುವ ಅಂಗಿ, ಕೈಯಲ್ಲಿ ರೀಲು ಹಾಕಿದ ಉದ್ದನೆ ರಾಡು. ಅವನ ಹಿಂದೆ ಮೈಕು ಹಿಡಿದುಕೊಂಡೇ ರಘುನಂದನ್.

"ಶಿವಯ್ಯ, ಏಳು. ಇವತ್ತು ಸ್ಪರ್ಧೆ ಅದೆ. ಹೆಸರು ಕೊಟ್ಟೋರಿಗೆ ಮಾತ್ರ."

ಮೈಕಿನಲ್ಲೇ ಹೇಳಿದ. ಹುಡುಗನಾಗಿದ್ದಾಗ 'ಸಿವಣ್ಣ' ಎನ್ನುತ್ತಿದ್ದ ಬಾಯಿ ಅದು. ಕೆರೆಯ ಸುತ್ತ ಇದ್ದ ನೂರು ಜನ ಈ ಕಡೆ ತಿರುಗಿದರು.

ಶಿವಯ್ಯ ಎದ್ದುಬಿಟ್ಟ.

ಸೋಮಮ್ಮನ ಎದೆಗೆ ಬಡಿದದ್ದು ರಘುನಂದನ್ 'ಏಳು' ಎಂದದ್ದಲ್ಲ, ಇವನು ಎದ್ದದ್ದು. ಅರವತ್ತೆಂಟು ವರ್ಷದ ಮೈ. ಸರ್ಕಾರದ ಚೀಲ ಹೆಗಲಿಗೆ ಹಾಕಿಕೊಂಡು ಯಾರ ಮನೆಯ ಬಾಗಿಲಲ್ಲೂ ನೆಟ್ಟಗೆ ನಿಂತ ಮೈ. ಆದರೂ ದೊಡ್ಡಮನೆಯ ದನಿ ಏಳು ಎಂದಾಗ ಅವನ ಕಿವಿ ಕೇಳುವ ಮೊದಲೇ ಮಂಡಿ ಕೇಳಿಸಿಕೊಂಡಿತ್ತು. ಹೆಗಲ ಮೇಲಿನ ಟವೆಲ್ಲು ತಾನಾಗಿ ಕಂಕುಳಿಗೆ ಇಳಿದಿತ್ತು. ಅವನ ಅಪ್ಪನೂ ಹೀಗೆಯೇ ಏಳುತ್ತಿದ್ದ.

ಸೋಮಮ್ಮ ದಡದಿಂದ ಕೂಗಿದಳು. "ರಘಪ್ಪ, ಅದು ಮೇವು ಹಾಕಿರೋ ನೀರು. ಇಪ್ಪತ್ತೊಂದು ದಿವ್ಸ ಹಾಕೀವಿ. ನಿಂಗೊತ್ತಿಲ್ವ ಈ ಕೆರೆ ಕಟ್ಟಳೆ?"

"ಗೊತ್ತು ಕಣ್ ಸೋಮಮ್ಮ. ಆದ್ರೆ ಚೀಟಿ ಎತ್ತೀವಿ. ಚೀಟಿ ಬಂದಂಗೆ ಜಾಗ. ಎಲ್ರಿಗೂ ಒಂದೇ ರೂಲ್ಸು."

"ಚೀಟಿ ಎತ್ತಿದ್ದನ್ನ ಮೀನ್ಗೂ ಯೋಳಿದ್ಯೇನಪ್ಪ?"

ನಾಲ್ಕು ಜನ ನಕ್ಕರು. ಯತೀಶನೂ ನಕ್ಕ. "ಅಮ್ಮ, ನಾನು ಮಲ್ಪೇಲಿ ದೋಣಿ ಹತ್ತಿ ಸಮುದ್ರದೊಳಕ್ಕೆ ಹೋಗಿ ಮೀನು ಹಿಡಿದೋನು. ಎರಡು ಗಂಟೆ ಕೂತ್ಕೊಂಡ್ರೆ ನಿಮ್ಮ ಕಲ್ಲೇನು ಸವೆಯಲ್ಲ."

"ಅಷ್ಟು ದೊಡ್ಡ ಸಮುದ್ರ ಬುಟ್ಟು ನಮ್ಮ ತೂಬಿಗ್ಯಾಕಪ್ಪ ಬಂದೆ? ಅಲ್ಲಿ ನಿಂಗ್ಯಾರೂ ಮುದ್ದೆ ತಿರುವಿ ಮೀನು ಕರ್ದು ಮಡಗಿರ್ಲಿಲ್ವ?"

ಈ ಸಲ ನಗು ಬೇರೆ ಕಡೆಯಿಂದ ಬಂತು. ಯತೀಶನ ಮುಖ ಬಿಗಿಯಿತು. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಮರಿಸಿದ್ದಯ್ಯ ಅಲ್ಲೇ ಇದ್ದ. ಕಟ್ಟಳೆ ಅವನಷ್ಟು ತಿಳಿದವರು ಊರಲ್ಲಿಲ್ಲ. ಅವನು ತನ್ನ ಚಪ್ಪಲಿಯ ಬಾರು ನೋಡುತ್ತಾ ನಿಂತ. ಕೈಯಲ್ಲಿ ಸಂಘದವರು ಕೊಟ್ಟ ಇಡ್ಲಿಯ ತಟ್ಟೆ ಇತ್ತು.

"ಬಾ ಅಮ್ಮಿ, ಸುಮ್ಕಿರು" ಎಂದು ಶಿವಯ್ಯ ದಾರ ಸುತ್ತಿಕೊಂಡು ಮೇಲೆ ಬಂದ. ಹರಕೆಯ ಮಾತು ಸೋಮಮ್ಮನ ಗಂಟಲವರೆಗೆ ಬಂದು ನಿಂತಿತ್ತು. ಅದನ್ನು ಹೇಳುವಂತಿಲ್ಲ. ಅವಳು ಅರಿಶಿನದ ತಟ್ಟೆಯನ್ನು ಸೆರಗಿನೊಳಗೆ ಇನ್ನೂ ಗಟ್ಟಿಯಾಗಿ ಅವುಚಿ ಏರಿಯ ಮೇಲೆ ಕೂತಳು. ಹೋಗಲಿಲ್ಲ. ಹೋದರೆ ಸೋತಂತೆ ಅನ್ನಿಸಿತು. ಎಂಟೂವರೆಗೆ ಸ್ಪರ್ಧೆ ಮುಗಿದು ಕಲ್ಲು ಖಾಲಿಯಾದರೆ ಗಂಡ ಕೂರಬಹುದು ಎಂಬ ಆಸೆಯೂ ಇತ್ತು.

ಎಂಟೂಕಾಲಿಗೆ ಯತೀಶನ ರಾಡು ಬಾಗಿತು.

ಒಂಬತ್ತು ಕಿಲೋ ನಾನೂರು ಗ್ರಾಂ. ಕಾಟ್ಲಾ. ಅಷ್ಟು ದೊಡ್ಡದು ಆ ಕೆರೆಯಲ್ಲಿ ಹತ್ತು ವರ್ಷದಿಂದ ಯಾರೂ ಕಂಡಿರಲಿಲ್ಲ. ಮೇಲಕ್ಕೆಳೆದು ಹುಲ್ಲಿನ ಮೇಲೆ ಹಾಕಿದರು. ಯತೀಶ್ ಅದನ್ನು ಎದೆಗವಚಿ ನಿಂತ, ಫೋಟೋ. ರಘುನಂದನ್ ಪಕ್ಕ ನಿಂತ, ಫೋಟೋ. ತಕ್ಕಡಿಯ ಮೇಲೆ ಇಟ್ಟು ಫೋಟೋ. ಸಂಘದವರೆಲ್ಲ ಸಾಲಾಗಿ ನಿಂತರು, ಇಡ್ಲಿ ತಿನ್ನುತ್ತಿದ್ದವರು ಕೈತೊಳೆದು ಬರುವವರೆಗೆ ಕಾದರು. ಮೀನಿನ ಕಿವಿರು ತೆರೆದುಕೊಳ್ಳುತ್ತಿತ್ತು, ಮುಚ್ಚುತ್ತಿತ್ತು. ಸೋಮಮ್ಮ ಎದ್ದು ನಿಂತಳು.

"ಬುಡ್ರಪ್ಪ ನೀರಿಗೆ! ಸಾಯ್ತದೆ! ಅದು ಮೊದ್ಲು ಬಂದ ಮೀನು ಕಣ್ರಪ್ಪ, ಬುಡ್ರೋ!"

"ಬುಡ್ತೀವಿ ಸೋಮಮ್ಮ, ಇನ್ನೊಂದೇ ಫೋಟೋ."

ಇನ್ನೊಂದೇ ಎಂಬುದು ಅರ್ಧ ಗಂಟೆ ನಡೆಯಿತು. ಕೊನೆಗೆ ನೀರಿಗೆ ಬಿಟ್ಟಾಗ ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಯಾರೋ ತಳ್ಳಿದರು. ಮತ್ತೆ ತೇಲಿತು. ಬ್ಯಾನರಿನ ಅಕ್ಷರಗಳು ಮೇಲೆ ನೆಟ್ಟಗೇ ಇದ್ದವು. ರಘುನಂದನ್ ಸುತ್ತ ನೋಡಿ, ಮೀನನ್ನು ಗೋಣಿಚೀಲಕ್ಕೆ ಹಾಕಿಸಿ ಮನೆಗೆ ಕಳಿಸಿದ. ಸತ್ತದ್ದನ್ನು ಸುಮ್ಮನೆ ಬಿಸಾಡುವುದೇಕೆ ಎಂದ.

ಕಲ್ಲು ಖಾಲಿಯಾಯಿತು. ಶಿವಯ್ಯ ಅದರ ಕಡೆ ಹೋಗಲಿಲ್ಲ. ಮೊದಲು ಬಂದ ಮೀನು ಹೋಗಿಬಿಟ್ಟಿತ್ತು.

ಆ ಸಂಜೆ ಸೋಮಮ್ಮ ಒಲೆಯ ಮುಂದೆ ಕೂತು ಗಂಡನ ಕಡೆ ನೋಡದೆ ಕೇಳಿದಳು. "ಏನಯ್ಯ, ನಿನ್ನ ನಾಲ್ಗೆಗೂ ಲಕ್ವ ಒಡೆದಿತ್ತಾ?"

"ಅರಕೆ ಅಂತ ಯೋಳಂಗಿರ್ಲಿಲ್ವಲ್ಲ ಕಣಮ್ಮಿ."

"ಅರಕೆ ಯೋಳ್ಬ್ಯಾಡ. ನಾನು ಏಳಾಕಿಲ್ಲ ಅನ್ನಬೋದಿತ್ತಲ್ಲ. ಅದಕ್ಕೇನು ಗಂಗಮ್ಮ ಬ್ಯಾಡ ಅಂದಿದ್ಲಾ?"

ಶಿವಯ್ಯ ತನ್ನ ಬಲಗೈಯನ್ನು ಎಡಗೈಯಿಂದ ನೀವಿಕೊಂಡ. "ನಾನು ಏಳ್ನಿಲ್ಲ ಕಣಮ್ಮಿ" ಎಂದ. "ಕಾಲು ಎದ್ವು."

ಸೋಮಮ್ಮ ಮತ್ತೆ ಅವನನ್ನು ಬೈಯಲಿಲ್ಲ. ಆದರೆ ಸಿಟ್ಟು ಹೋಗಲಿಲ್ಲ. ಬೈಯಲು ಗಂಡ ಸಿಗದೆ ಹೋದ ಮೇಲೆ ಅದು ಇನ್ನೂ ನೆಟ್ಟಗೆ ನಿಂತಿತು. ದೇವರ ಮುಂದೆ ದೀಪ ಹಚ್ಚಿ ಕೈಮುಗಿದಳು. ಕೈಮುಗಿದರೂ ಬಾಯಲ್ಲಿ ಸ್ತುತಿ ಬರಲಿಲ್ಲ. ನೀನೂ ನೀರೊಳಗೆ ಕೂತು ನೋಡಿದೆಯಲ್ಲ ತಾಯಿ, ನಿನ್ನ ಪಾಲನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಹೋದರಲ್ಲ ಎಂದಳು. ಭಕ್ತಿಯಿದ್ದವರಿಗೇ ದೇವರನ್ನು ಹೀಗೆ ತರಾಟೆಗೆ ತೆಗೆದುಕೊಳ್ಳುವ ಅಧಿಕಾರ ಇರುವುದು.

ಬೆಳಗಾದ ಮೇಲೆ ಅವಳು ನೇರ ದೊಡ್ಡಮನೆಗೆ ಹೋದಳು. ರಘುನಂದನನ ತಾಯಿ ಹೊಂಬಾಳಮ್ಮ ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದಳು. ರಘುನಂದನ್ ಕಂಬಕ್ಕೊರಗಿ ಕಾಫಿ ಕುಡಿಯುತ್ತಿದ್ದ. ಸೋಮಮ್ಮ ಅಂಗಳದಲ್ಲೇ ನಿಂತಳು. ಆ ಮನೆಯ ಜಗಲಿಯನ್ನು ಅವಳು ಎಂದೂ ಹತ್ತಿರಲಿಲ್ಲ.

"ಏನ್ ಸೋಮಿ, ಬೆಳಬೆಳಗ್ಗೇನೆ?"

"ನನ್ನ ಮುದ್ದೆ ಇಸ್ಕೊಂಡೋಗೋಕೆ ಬಂದೆ ಕಣವ್ವ."

ಹೊಂಬಾಳಮ್ಮ ನಕ್ಕಳು. "ಯಾವ ಮುದ್ದೆ? ನಮ್ಮನೇಲಿ ನಿನ್ನ ಮುದ್ದೆ ಯಾವಾಗಮ್ಮಿ ಬಂತು?"

"ನೆನ್ನೆ ಬಂತು. ಮೀನಿನ ಒಟ್ಟೆ ಒಳಗೆ ಬಂತು. ಇಪ್ಪತ್ತೊಂದು ಮುದ್ದೆ."

ರಘುನಂದನ್ ಲೋಟ ಕೆಳಗಿಟ್ಟ. "ಸೋಮಮ್ಮ, ನೆನ್ನೆ ಆಗಿದ್ದು ಆಗೋಯ್ತು. ಮುಂದಿನ ವರ್ಷದ ಸ್ಪರ್ಧೇಲಿ ಸಿವಣ್ಣಂಗೆ ಸ್ಟೇಜ್ ಮೇಲೆ ಶಾಲು ಒದಿಸಿ ಸನ್ಮಾನ ಮಾಡ್ತೀವಿ. ಆಯ್ತಾ?"

"ಶಾಲು ನೀನೇ ಒದ್ಕೊಳಪ್ಪ, ಚಳಿ ಬತ್ತಾ ಅದೆ." ಸೋಮಮ್ಮ ದನಿ ಏರಿಸಲಿಲ್ಲ. "ನೆನ್ನೆ ಸಿವಯ್ಯ ಏಳು ಅಂದೆ. ಇವತ್ತು ಸಿವಣ್ಣ ಆಗೋದ್ನಾ? ಮೈಕು ಕೈಲಿ ಇಲ್ದಾಗ ಮಾತ್ರ ಅಣ್ಣಾನಾ?"

ಆಮೇಲೆ ಅವಳು ಹೇಳಿದಳು. ಮುರಿದ ಹರಕೆಯನ್ನು ಮುಚ್ಚಿಟ್ಟು ಇನ್ನು ಕಾಯಬೇಕಾದದ್ದೇನಿದೆ? ಬಿದ್ದುಹೋದ ಕೈ, ತೂಬಿನ ಕಲ್ಲಿನ ಮೇಲೆ ಹೊತ್ತ ಮಾತು, ಗಂಗಮ್ಮನಿಗೆ ಬಿಡಬೇಕಾಗಿದ್ದ ಮೊದಲ ಮೀನು, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಹೊಂಬಾಳಮ್ಮನ ಕೈಯಲ್ಲಿ ಅರ್ಧ ಸುಲಿದ ಅವರೆಕಾಯಿ ಹಾಗೇ ನಿಂತಿತು.

"ನಮ್ಮನೇಲಿ ಒಂದು ಲೋಟ ನೀರು ಕುಡಿಯಾಕಿಲ್ಲ ನೀವು" ಎಂದಳು ಸೋಮಮ್ಮ. "ಕುಡೀರಿ ಅಂತ ನಾನು ಕರ್ದೂ ಇಲ್ಲ. ಗಂಗಮ್ಮನ್ನ ಕರ್ದಿದ್ದೆ. ಅವ್ಳಿಗೆ ಅಂತ ನಾನು ತಿರುವಿದ ಮುದ್ದೆ ತಿಂದ ಮೀನ ಸಾರು ಮಾಡ್ಕೊಂಡು ಉಂಡ್ರಲ್ಲವ್ವ. ನಾಲ್ಗೇಲಿ ರುಚಿ ಎಂಗಿತ್ತು?"

ರಘುನಂದನ್ ಏನೋ ಹೇಳಲು ಹೋದ. ತಾಯಿ ಕೈ ಎತ್ತಿ ತಡೆದಳು.

"ಒಟ್ಟೆ ಒಳಗೆ ರಾಗಿ ಇತ್ತು ಕಣ್ಲಾ" ಎಂದಳು ಮೆಲ್ಲಗೆ. "ಮೀನು ಸೀಳ್ದಾಗ ನೋಡ್ದೆ. ಕಪ್ಪಗೆ, ಇನ್ನೂ ಉಂಡೆ ಉಂಡೇನೆ ಇತ್ತು. ಯಾರೋ ಪಾಪ ಮೇವು ಹಾಕವ್ರೆ ಅಂತ ಮನ್ಸಿಗೆ ಬಂತು. ಬಂದ್ರೂ ತೊಳ್ದು ಬಚ್ಚಲಿಗೆ ಬುಟ್ಟೆ. ಎರಡು ತುಂಡು ಜಾಸ್ತೀನೆ ಉಂಡೆ."

ಅಂಗಳದಲ್ಲಿ ಕೋಳಿಯೊಂದು ಅವರೆಸಿಪ್ಪೆ ಕೆದಕುತ್ತಿತ್ತು.

"ನಾನು ತಿರುವಿ ಕೊಡ್ತೀನಿ ಬುಡು ಸೋಮಿ. ಇಪ್ಪತ್ತೊಂದು ದಿವ್ಸ ಕಳಿಸ್ತೀನಿ."

"ನಿನ್ನ ಮುದ್ದೆ ಬ್ಯಾಡ ಕಣವ್ವ. ಏಳು ಅಂದೋನು ತಿರುವ್ಲಿ. ಅವ್ನೇ ತರ್ಲಿ."

"ಅವ್ವ, ಇದೇನು ಆಟ!" ರಘುನಂದನ್ ಎದ್ದೇ ಬಿಟ್ಟ. "ನಾನು ಮುದ್ದೆ ತಿರುವಿ ಇವ್ರ ಬೀದಿಗೆ ಒತ್ಕೊಂಡು ಓದ್ರೆ ಊರು ನಗ್ತದೆ."

"ನಗ್ಲಿ. ಸಿವಯ್ಯ ಎದ್ದಾಗ ನಗ್ನಿಲ್ವಾ? ಅವಾಗ ಚೆನ್ನಾಗಿತ್ತಾ?" ಹೊಂಬಾಳಮ್ಮ ಮೊರ ಪಕ್ಕಕ್ಕೆ ತಳ್ಳಿದಳು. "ಗಂಗಮ್ಮನ ಪಾಲು ಈ ಮನೆ ಒಲೆ ಮೇಲೆ ಬೆಂದದೆ ಕಣ್ಲಾ. ನಾಳೀಕೆ ಬೆಳಗ್ಗೆ ಐದಕ್ಕೆ ಏಳು. ಹಿಟ್ಟು ನಾನು ಅಳೆದು ಕೊಡ್ತೀನಿ. ಮುದ್ದೆ ಕೋಲು ನೀನು ಹಿಡಿ."

ಮಾರನೆಯ ಬೆಳಗ್ಗೆ ರಘುನಂದನ್ ಬಟ್ಟೆಯಲ್ಲಿ ಸುತ್ತಿದ ಮುದ್ದೆ ಹಿಡಿದು ಶಿವಯ್ಯನ ಮನೆಯ ಬಾಗಿಲಿಗೆ ಬಂದ. ಮುಖ ಉಬ್ಬಿತ್ತು. ಸೋಮಮ್ಮ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಒಳಗೆ ಬೇಯದ ಹಸಿ ಹಿಟ್ಟು.

"ಬರೀ ಗಂಟು. ಗಂಗಮ್ಮನ ಮಕ್ಳಿಗೆ ಒಟ್ಟೆನೋವು ಬರಿಸ್ತೀಯೇನಪ್ಪ? ಓಗು, ಇನ್ನೊಂದು ತಿರುವ್ಕೊಂಡು ಬಾ."

ಅವನು ಹಲ್ಲು ಕಚ್ಚಿ ಹೋದ. ಸೋಮಮ್ಮ ಬಾಗಿಲಲ್ಲೇ ಕೂತಿದ್ದಳು. ಬರುವುದಿಲ್ಲ ಎಂದುಕೊಂಡಿದ್ದಳು. ಬಿಸಿಲೇರುವ ಹೊತ್ತಿಗೆ ಬಂದ.

ಊರು ನಕ್ಕಿತು. ಟೀ ಅಂಗಡಿಯಲ್ಲಿ ನೀರುಗಂಟಿ ಮರಿಸಿದ್ದಯ್ಯನೇ ಮೊದಲು ಬಾಯಿ ತೆರೆದ. "ರಘಪ್ಪ, ಮುದ್ದೆ ಓಟ್ಲು ಯಾವತ್ತು ತೆರೀತೀಯ?" ಅಲ್ಲೇ ಹಾಲು ತರಲು ಬಂದಿದ್ದ ಸೋಮಮ್ಮ ತಿರುಗಿ ಹೇಳಿದಳು, "ನೀನು ಇಡ್ಲಿ ತಿಂದು ಮುಗಿಸ್ದೇನಪ್ಪ ಮರಿಸಿದ್ದಣ್ಣ? ಆವತ್ತು ಅದು ಗಂಟ್ಲಲ್ಲಿ ಸಿಕ್ಕೊಂಡಿತ್ತಲ್ಲ, ಮಾತು ಬರ್ನಿಲ್ಲ ನಿಂಗೆ." ಮರಿಸಿದ್ದಯ್ಯ ಆಮೇಲೆ ಒಂದು ವಾರ ಆ ಅಂಗಡಿಯ ಕಡೆ ಬರಲಿಲ್ಲ.

ಐದನೆಯ ದಿನ ರಘುನಂದನನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬಿಸಿ ಮುದ್ದೆ ನಾದುವಾಗ ಕೈಗೆ ನೀರು ಹಚ್ಚಿಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸೋಮಮ್ಮನಿಗೆ ಗೊತ್ತಿತ್ತು, ಅವಳೂ ಹೇಳಲಿಲ್ಲ. ಒಂಬತ್ತನೆಯ ದಿನ ಹೇಳಿದಳು.

ಅವನು ತಪ್ಪು ತಿಳಿದು ಬರುತ್ತಿದ್ದನೋ, ತಾಯಿಗೆ ಹೆದರಿ ಬರುತ್ತಿದ್ದನೋ, ಶಿವಯ್ಯನ ಪಕ್ಕ ಕೂತ ಹಳೆಯ ಬೆಳಗುಗಳು ನೆನಪಾಗಿ ಬರುತ್ತಿದ್ದನೋ ಯಾರಿಗೂ ತಿಳಿಯದು. ಕ್ಷಮಿಸಿ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಕ್ಷಮಿಸಿದೆ ಎಂದು ಸೋಮಮ್ಮನೂ ಅನ್ನಲಿಲ್ಲ. ಗಂಗಮ್ಮ ಮನಸ್ಸನ್ನು ನೋಡುತ್ತಾಳೆ ಎನ್ನುತ್ತಾರೆ. ಆ ದಿನಗಳಲ್ಲಿ ಅವಳು ಮುದ್ದೆಯನ್ನೇ ನೋಡಿದಳೆಂದು ಸೋಮಮ್ಮ ನಂಬಿದ್ದಳು.

ಶಿವಯ್ಯ ದಿನವೂ ಮುದ್ದೆಯನ್ನು ತೆಗೆದುಕೊಂಡು ಹೋಗಿ ಬಲಗೈಯಿಂದಲೇ ಚೂರು ಮುರಿದು ನೀರಿಗೆ ಹಾಕುತ್ತಿದ್ದ. ಆದರೆ ಮಾರ್ಗಶಿರ ಹುಟ್ಟಿ ಚಳಿ ಬಲಿಯುತ್ತಿತ್ತು. ಹದಿನಾರನೆಯ ದಿನ ಅವನು ಮನೆಗೆ ಬಂದು, "ಮೀನು ಮೇಲಕ್ಕೆ ಬತ್ತಿಲ್ಲ ಅಮ್ಮಿ" ಎಂದ. ಹದಿನೆಂಟನೆಯ ದಿನ ಹಿಂದಿನ ದಿನದ ಚೂರುಗಳು ತಿಳಿನೀರಿನ ತಳದಲ್ಲಿ ಹಾಗೇ ಬಿದ್ದಿದ್ದವು.

"ಬಾಯಿ ಕಟ್ತಾ ಅವೆ. ಈ ಸಲ ಆಗ್ನಿಲ್ಲ ಅಂದ್ರೆ ಸಿವರಾತ್ರಿ ಕಳೀಬೇಕು."

"ಸಿವರಾತ್ರಿಗೆ ನಿನ್ನ ಕೈ ಎಂಗಿರ್ತದೋ ನಾನೆಂಗಿರ್ತೀನೋ" ಎಂದಳು ಸೋಮಮ್ಮ. ಅವಳ ದನಿಯಲ್ಲಿ ಮೊದಲ ಸಲ ಸಿಟ್ಟಿನ ಬದಲು ಭಯವಿತ್ತು. ಆ ಭಯವೇ ಅವಳನ್ನು ಮತ್ತೆ ರೇಗಿಸಿತು. ಆ ಭಾನುವಾರ ನೀರು ಬೆಚ್ಚಗಿತ್ತು, ಮೀನು ಹಸಿದಿತ್ತು, ಎಲ್ಲ ಕೂಡಿಬಂದಿತ್ತು. ಒಂದು ಚೀಟಿಗೆ, ಒಂದು ಫೋಟೋಗೆ ಅದನ್ನೆಲ್ಲ ಹಾಳುಮಾಡಿದರಲ್ಲ!

ಇಪ್ಪತ್ತೊಂದನೆಯ ದಿನದ ಮುದ್ದೆ ನುಣ್ಣಗೆ, ಗಟ್ಟಿಯಾಗಿ, ದುಂಡಗಿತ್ತು. ಸೋಮಮ್ಮ ಹೆಬ್ಬೆರಳಿನಿಂದ ಒತ್ತಿದಳು. ಬೆರಳಿನ ಗುರುತು ಸಹ ಬೀಳಲಿಲ್ಲ. ತೆಗೆದುಕೊಂಡಳು.

ಮಾರನೆಯ ದಿನ ಇಬ್ಬರೂ ಕೆರೆಗೆ ಹೋದರು. ಮಂಜು ಈಗ ತೆಳ್ಳಗೆ, ಚುಚ್ಚುವಂತಿತ್ತು. ಶಿವಯ್ಯ ಕಲ್ಲಿನ ಮೇಲೆ ಟವೆಲ್ಲು ಹಾಸಿ ಕೂತ. ಹಿಂದಿನ ದಿನದ ಮುದ್ದೆಯಿಂದ ಉಳಿಸಿಟ್ಟ ಚೂರನ್ನು ಗಾಳಕ್ಕೆ ಸಿಕ್ಕಿಸಿ, ಬಲಗೈಯಿಂದ ದಾರ ಬೀಸಿದ. ಬೆಂಡು ನೀರಿನ ಮೇಲೆ ನೆಟ್ಟಗೆ ನಿಂತಿತು.

ಏಳಾಯಿತು. ಎಂಟಾಯಿತು. ಬೆಂಡು ಅಲುಗಲಿಲ್ಲ. ಒಂಬತ್ತಕ್ಕೆ ಏರಿಯ ಮೇಲೆ ಹೆಜ್ಜೆ ಸದ್ದಾಯಿತು. ರಘುನಂದನ್ ಇಳಿದು ಬರುತ್ತಿದ್ದ. ಕೈಯಲ್ಲಿ ರಾಡು ಇರಲಿಲ್ಲ.

ಆ ಸದ್ದಿಗೆ ಶಿವಯ್ಯನ ಮಂಡಿ ಎದ್ದವು. ಸೋಮಮ್ಮ ನೋಡಿದಳು. ಶಿವಯ್ಯ ಎಡಗೈಯನ್ನು ಮಂಡಿಯ ಮೇಲಿಟ್ಟು ಅದುಮಿದ. ಹೆದರಿದ ಕರುವನ್ನು ಹಿಡಿದು ಕೂರಿಸುವ ಹಾಗೆ ಅದುಮಿ ಹಿಡಿದ. ಟವೆಲ್ಲು ಅವನ ಕೆಳಗೇ ಇತ್ತು. ಅವನು ಏಳಲಿಲ್ಲ.

"ಬಾ ರಘಪ್ಪ" ಎಂದ, ನೀರಿನಿಂದ ಕಣ್ಣು ತೆಗೆಯದೆ. "ಸದ್ದು ಮಾಡ್ಬ್ಯಾಡ. ಅಲ್ಲಿ ನಿಂತ್ಕೊ."

ರಘುನಂದನ್ ಅಲ್ಲೇ ನಿಂತ. ಅವನ ನೆರಳು ನೀರಿನ ಮೇಲೆ ಬೀಳುತ್ತಿತ್ತು. ಶಿವಯ್ಯ ಅದನ್ನು ತೋರಿಸಿದ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಹತ್ತೂವರೆಗೆ ಬಿಸಿಲು ನೀರಿನ ಮೇಲಿನ ಗೇಣಷ್ಟನ್ನು ಬೆಚ್ಚಗೆ ಮಾಡಿತು. ಬೆಂಡು ಒಮ್ಮೆ ತಲೆದೂಗಿತು. ನಿಂತಿತು. ಮತ್ತೆ ತಲೆದೂಗಿ ಓರೆಯಾಗಿ ಒಳಕ್ಕೆ ಸರಿಯಿತು. ಶಿವಯ್ಯ ಬಲಗೈಯಿಂದ ಕೋಲು ಎತ್ತಿದ.

ಕಾಟ್ಲಾ ಅಲ್ಲ. ಒಂದು ಗೆಂಡೆ ಮರಿ, ಗೇಣುದ್ದದ್ದು. ಹೊಟ್ಟೆ ಹಳದಿ, ಬಾಲ ಕೆಂಪು. ಯಾರೂ ಫೋಟೋ ತೆಗೆಯಲು ಮುಂದೆ ಬರುವಂಥದ್ದಲ್ಲ. ಸೋಮಮ್ಮ ಬೆರಳು ಒದ್ದೆ ಮಾಡಿಕೊಂಡು ತಟ್ಟೆಯಿಂದ ಅರಿಶಿನ ತೆಗೆದು ಅದರ ಹಣೆಗೆ ಮುಟ್ಟಿಸಿದಳು.

ಅವನು ಕಲ್ಲಿನಿಂದ ಬಾಗಿ, ಮೀನು ಹಿಡಿದ ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿಗೆ ಇಳಿಸಿದ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಕಿರುಬೆರಳಿನಿಂದ ಶುರುಮಾಡಿ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ.